ಲೆಕ್ಕದ ಕಣಜ ಕೆಡುವುದೇಕೆ?

ಕೋಲಾರ ಸೀಮೆಯ ರೈತರು ರಾಗಿಯನ್ನು ನೆಲದೊಳಗಣ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಸಂಗತಿಯನ್ನು ನಮ್ಮ ವಾಚಕರಲ್ಲಿ ವಯಸ್ಸಾದವರು ಬಲ್ಲರು. ಹಗೇವು ಕೆಟ್ಟಿತೆಂಬುದು ಅದರ ಬಾಯಿ ತೆರೆದ ದಿನವೇ ತಿಳಿಯುವುದು. ಆ ಹೊತ್ತಿಗೆ ಮಾಡತಕ್ಕುದೇನೂ ಉಳಿದಿರುವುದಿಲ್ಲ. ಆಗ ಹಗೇವನ್ನು ತೋಡಿದವನನ್ನು ಬಯ್ಯುವುದು ವಾಡಿಕೆ. ಆದರೆ ತಪ್ಪು ಬಹುಮಟ್ಟಿಗೆ ತೋಡಿದವನದಾಗಿರುವುದಿಲ್ಲ. ತುಂಬಿದ ದಿನ ಕಾಳು ಚೆನ್ನಾಗಿ ಒಣಗಿರಲಿಲ್ಲ, ಇಲ್ಲವೆ ಬೇರೆ ಬೇರೆ ಕಣಗಳ ಕಾಳನ್ನು ನೋಡದೆ ಒಂದೇ ಬಾಯಿಗೆ ಸುರಿದರು, ಇಲ್ಲವೆ ಮುಚ್ಚಿದ ಮೇಲೆ ಇದು ತನ್ನ ಹೊಣೆಯೆಂದು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಈ ಕಾಲದಲ್ಲಿ ಸರ್ಕಾರದ ಇಲಾಖೆಗಳೂ, ಬ್ಯಾಂಕುಗಳೂ, ಹಾಲಿನ ಒಕ್ಕೂಟಗಳೂ, ದೊಡ್ಡ ವರ್ತಕರೂ ಮತ್ತೊಂದು ಬಗೆಯ ಕಣಜವನ್ನು ಕಟ್ಟಿಸುತ್ತಿದ್ದಾರೆ. ಅದರ ಹೆಸರು ಡೇಟಾ ವೇರ್‌ಹೌಸ್. ಹೆಸರು ಹೊಸದಾದರೂ ವಸ್ತು ತೀರ ಅಪರಿಚಿತವಲ್ಲ. ಅಂಗಡಿಯಿಟ್ಟವರ ಮನೆಯಲ್ಲಿ ಎರಡು ಪುಸ್ತಕಗಳಿರುವುದುಂಟಷ್ಟೆ. ಒಂದು ಕಿರ್ದಿ, ದಿನದಿನದ ಕೊಡು-ಕೊಳ್ಳುವಿಕೆ ನಡೆದ ಕ್ರಮದಲ್ಲಿಯೇ ಅದರಲ್ಲಿ ಬೀಳುತ್ತದೆ. ಇನ್ನೊಂದು ಖತಾವಣಿ, ಯಾರಿಂದ ಎಷ್ಟು ಬರಬೇಕು, ಯಾವ ಸರಕಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದು ಕಿರ್ದಿಯಿಂದ ಎತ್ತಿ ಬರೆದ ಆ ಪುಸ್ತಕದಲ್ಲಿ ಕಾಣುತ್ತದೆ. ಹತ್ತಾರು ಕಚೇರಿಗಳ ಕಿರ್ದಿಗಳಿಂದ ಎತ್ತಿ, ಹಲವು ವರ್ಷಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಒಂದೆಡೆ ಜೋಡಿಸಿಟ್ಟರೆ ಅದೇ ಡೇಟಾ ವೇರ್‌ಹೌಸ್. ನಾವು ಅದನ್ನು ಲೆಕ್ಕದ ಕಣಜವೆಂದು ಕರೆಯೋಣ. ಅದನ್ನು ನೋಡಿ ಮುಂದೇನು ಮಾಡಬೇಕೆಂದು ನಿಶ್ಚಯಿಸುವ ವಿದ್ಯೆಗೆ ಬಿಸಿನೆಸ್ ಇಂಟೆಲಿಜೆನ್ಸ್ ಎನ್ನುತ್ತಾರೆ.

ಈ ವಿದ್ಯೆಯ ಹೆಸರನ್ನು ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಎಂಬಾತನು ೧೯೫೮ರಷ್ಟು ಹಿಂದೆಯೇ ಒಂದು ಲೇಖನದಲ್ಲಿ ಬಳಸಿದನು. ಅದೇ ಕಂಪನಿಯ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಎಂಬಿಬ್ಬರು ೧೯೮೮ರಲ್ಲಿ ಕಣಜದ ನಕ್ಷೆಯನ್ನು ಬರೆದು ತೋರಿಸಿದರು. ೧೯೯೨ರಲ್ಲಿ ಬಿಲ್ ಇನ್ಮನ್, ೧೯೯೬ರಲ್ಲಿ ರಾಲ್ಫ್ ಕಿಂಬಾಲ್ ಈ ವಿಷಯವಾಗಿ ಗ್ರಂಥಗಳನ್ನು ಪ್ರಕಟಿಸಿದ ಮೇಲೆ ಲೋಕದಲ್ಲೆಲ್ಲಾ ಇಂತಹ ಕಣಜಗಳೆದ್ದವು. ಎದ್ದಷ್ಟೇ ವೇಗವಾಗಿ ಕೆಟ್ಟವು. ೨೦೦೫ರಲ್ಲಿ ಗಾರ್ಟ್ನರ್ ಎಂಬ ಅಮೆರಿಕದ ಸಂಸ್ಥೆಯು, ಇನ್ನೆರಡು ವರ್ಷಗಳಲ್ಲಿ ಇಂತಹ ಯೋಜನೆಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಸೋಲುವುವು, ಇಲ್ಲವೆ ಅರೆಬರೆ ಬಳಕೆಗೆ ಬರುವುವು ಎಂದು ಮುನ್ಸೂಚನೆ ಕೊಟ್ಟಿತ್ತು. ಈ ಎರಡನೆಯ ಮಾತನ್ನು ವಾಚಕರು ಗಮನಿಸಬೇಕು. ಕಟ್ಟಡ ಬೀಳುವುದೊಂದೇ ಸೋಲಲ್ಲ. ಕಟ್ಟಿ, ಪೂಜೆ ಮಾಡಿ, ಬಾಗಿಲು ತೆರೆದ ಮೇಲೆ ಅದರೊಳಗೆ ಯಾರೂ ಕಾಲಿಡದೆ ಇರುವುದೂ ಸೋಲೇ.

ಇದು ಇಂಜಿನಿಯರುಗಳ ವಿಚಾರ, ಗೃಹಸ್ಥರಾದ ನಮಗೇನು ಎಂದು ಕೆಲವರು ಕೇಳಬಹುದು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನೇ ತೆಗೆದುಕೊಳ್ಳೋಣ. ಅಮ್ಮಾಜಾನ್ ಬಾವಾಜಾನ್ ದರ್ಗಾದ ದೆಸೆಯಿಂದ ನಾನಾ ಕಡೆಯ, ನಾನಾ ಮತದ ಜನ ಆ ಊರನ್ನು ಬಲ್ಲರು. ಆ ಹೋಬಳಿಯ ಯಾವುದಾದರೊಂದು ರೈತನ ಮನೆಗೆ ಸಂಬಂಧಪಟ್ಟ ಲೆಕ್ಕ ಎಲ್ಲೆಲ್ಲಿದೆ ನೋಡಿ. ಹೊಲದ ಲೆಕ್ಕ ಪಹಣಿಯಲ್ಲಿ. ಸಾಲದ ಲೆಕ್ಕ ಬ್ಯಾಂಕಿನಲ್ಲಿ, ಸಹಕಾರ ಸಂಘದಲ್ಲಿ. ಅಕ್ಕಿ-ರಾಗಿಯ ಲೆಕ್ಕ ಪಡಿತರ ಚೀಟಿಯಲ್ಲಿ. ಹಾಲಿನ ಲೆಕ್ಕ ಡೇರಿಯಲ್ಲಿ. ಬೆಳೆಯ ಲೆಕ್ಕ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ. ಬರಗಾಲದ ಪರಿಹಾರವಾಗಲಿ, ಗೊಬ್ಬರ-ಬೀಜದ ಸಹಾಯಧನವಾಗಲಿ, ಬೆಂಬಲ ಬೆಲೆಗೆ ರಾಗಿ ಕೊಳ್ಳುವುದಾಗಲಿ, ಈಗ ಇವೆಲ್ಲವೂ ಈ ಬೇರೆ ಬೇರೆ ಲೆಕ್ಕಗಳನ್ನು ಒಂದಕ್ಕೊಂದು ತಾಳೆ ನೋಡಿಯೇ ನಡೆಯುವುವು. ತಾಳೆ ಬೀಳದ ದಿನ ಆ ಮನೆಯ ಯಜಮಾನನು ಬಸ್ ಚಾರ್ಜು ಕೊಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು. ಕಣಜ ಕೆಟ್ಟರೆ ಹಸಿವು ಯಾರ ಮನೆಯದೆಂಬುದು ಇದರಿಂದ ತಿಳಿಯಬಹುದು.

ನಮ್ಮ ನಾಡಿನಲ್ಲಿಯೇ ಒಂದು ಲೆಕ್ಕ ಒಂದು ಸಲ ಕೆಟ್ಟು, ಮತ್ತೊಂದು ಸಲ ನೆಟ್ಟಗಾದ ಉದಾಹರಣೆಯಿದೆ. ಇನ್ನೆಲ್ಲಿಯ ಗ್ರಂಥಕ್ಕಿಂತಲೂ ಅದರಿಂದ ಕಲಿಯತಕ್ಕುದು ಹೆಚ್ಚು. ಹಿಂದಿನ ಮೈಸೂರು ಸೀಮೆಯಲ್ಲಿ ಹಳ್ಳಿಯ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಮಾಡಿದ ೧೯೬೧ರ ಕಾಯಿದೆಯ ತರುವಾಯ ಆ ಕೆಲಸ ಸಂಬಳದ ಗ್ರಾಮಲೆಕ್ಕಿಗರಿಗೆ ಬಂತು. ಒಡೆಯನು ಯಾರು, ವಿಸ್ತೀರ್ಣವೆಷ್ಟು, ಸಾಲದ ಹೊಣೆಯೇನು, ಯಾವ ವರ್ಷ ಯಾವ ಬೆಳೆ ಎಂಬುದೆಲ್ಲ ಅವರ ಕೈಬರಹದ ಪುಸ್ತಕದಲ್ಲಿ. ರೈತನಿಗೆ ಪಹಣಿ ಬೇಕಾದರೆ ಲೆಕ್ಕಿಗರು ಸಿಕ್ಕಬೇಕು. ಸಿಕ್ಕಿದ ಮೇಲೆ ಅವರ ಮನಸ್ಸು ಬರಬೇಕು. ಮನಸ್ಸು ಬರುವುದಕ್ಕೆ ಏನು ವೆಚ್ಚವಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೯೧ರಲ್ಲಿ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನ ಮೊದಲು ಗುಲ್ಬರ್ಗಾ ಜಿಲ್ಲೆಯಲ್ಲಿ (ಈಗಿನ ಕಲಬುರಗಿಯಲ್ಲಿ) ನಡೆದು, ಮುಂದಿನ ಕೆಲವು ವರ್ಷಗಳಲ್ಲಿ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಯಂತ್ರಗಳು ಬಂದವು, ಅಕ್ಷರಗಳೂ ಅದರೊಳಗೆ ಹೋದವು. ಆದರೆ ತಾಲ್ಲೂಕು ಕಚೇರಿಯಲ್ಲಿ ಯಂತ್ರವನ್ನಿಟ್ಟು ದಿನದಿನದ ಬದಲಾವಣೆಯನ್ನು ಅದರಲ್ಲಿಯೇ ಬರೆಯುವ ಏರ್ಪಾಟು ಇರಲಿಲ್ಲ. ತಂದೆ ಸತ್ತು ಮಗನ ಹೆಸರಿಗೆ ಖಾತೆಯಾಯಿತು, ಅಣ್ಣತಮ್ಮಂದಿರು ಭಾಗವಾದರು, ಒಂದೆಕರೆ ಮಾರಾಟವಾಯಿತು. ಇವೆಲ್ಲ ಹಳೆಯ ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದವು, ಯಂತ್ರದಲ್ಲಿ ಅಲ್ಲ. ಕಾನೂನಿನ ಕಣ್ಣಿಗೂ ಕೈಬರಹದ ಪುಸ್ತಕವೇ ಪ್ರಮಾಣ. ಹೀಗಿರಲಾಗಿ ಯಂತ್ರದ ಲೆಕ್ಕವು ಏರಿಸಿದ ಮರುದಿನದಿಂದಲೇ ಹಳಸತೊಡಗಿತು. ಹಳಸಿದ್ದನ್ನು ಯಾರೂ ನೋಡರು. ಯಾರೂ ನೋಡದ್ದನ್ನು ಯಾರೂ ತಿದ್ದರು. ಯಂತ್ರದ ಬೆಲೆಯೂ ಅಕ್ಷರ ಕೂಡಿಸಿದ ಕೂಲಿಯೂ ನೀರಿನಲ್ಲಿ ಹೋಮವಾಯಿತು.

ಎರಡನೆಯ ಸಲ, ೧೯೯೯ರ ಈಚೆಗೆ, ಅದೇ ಕೆಲಸವನ್ನು ‘ಭೂಮಿ’ ಎಂಬ ಹೆಸರಿನಿಂದ ಕೈಗೊಂಡರು. ರೆವಿನ್ಯೂ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳು ಇದರ ಮುಂದಾಳುಗಳಾಗಿದ್ದರು. ಯಂತ್ರದ ಕ್ರಮವಿಧಿಯನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದವರು ಸಿದ್ಧಪಡಿಸಿದರು. ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳು. ಅವನ್ನು ಬರೆದಿಟ್ಟವರು ಸುಮಾರು ೯,೦೦೦ ಗ್ರಾಮಲೆಕ್ಕಿಗರು. ಮೊದಲ ಸಲಕ್ಕಿಂತ ಯಂತ್ರಗಳು ಉತ್ತಮವಾಗಿದ್ದುದು ನಿಜವೇ. ಆದರೆ ಗೆಲುವಿಗೆ ಕಾರಣ ಅದಲ್ಲವೆಂದು ನಮ್ಮ ಅಭಿಪ್ರಾಯ. ಯಂತ್ರದಲ್ಲಿ ಕೂಡಿಸಿದ್ದನ್ನು ಕಾಗದಕ್ಕೆ ಇಳಿಸಿ ಆಯಾ ಗ್ರಾಮಲೆಕ್ಕಿಗರ ಕೈಗೇ ಕೊಟ್ಟು, ಮೂಲ ಪುಸ್ತಕದೊಡನೆ ತಾಳೆ ನೋಡಿ ತಿದ್ದಿ ಸಹಿ ಮಾಡುವಂತೆ ವಿಧಿಸಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂದು ಯಂತ್ರಕ್ಕೇ ಕಟ್ಟು ಮಾಡಿದರು. ಬರೆಯುವ ನೌಕರನು ಬೆರಳಿನ ಗುರುತು ಕೊಟ್ಟಲ್ಲದೆ ಒಳಹೊಕ್ಕು ಏನನ್ನೂ ಬದಲಾಯಿಸುವಂತಿರಲಿಲ್ಲ. ಕಚೇರಿಯ ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ತೆರೆಯೊಂದನ್ನು ಇಟ್ಟರು. ಹದಿನೈದು ರೂಪಾಯಿ ಕೊಟ್ಟವನಿಗೆ ಪಹಣಿ ಅಲ್ಲಿಯೇ ದೊರೆಯಿತು.

ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿತ್ತು. ಯಾವ ತಾಲ್ಲೂಕಿನಲ್ಲಿ ಯಂತ್ರದ ಪಹಣಿ ಸಿದ್ಧವಾಯಿತೋ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ಸಲ್ಲದೆಂದು ಸರ್ಕಾರವು ಪ್ರಕಟಣೆ ಹೊರಡಿಸಿತು. ಎರಡು ಪುಸ್ತಕಗಳಿರುವ ತನಕ ಜನರು ತಮಗೆ ರೂಢಿಯಾದ ಪುಸ್ತಕದಲ್ಲಿಯೇ ಬರೆಯುವರು, ತಮಗೆ ಅನುಕೂಲವಾದ ಪುಸ್ತಕವನ್ನೇ ತೋರಿಸುವರು. ಹಳೆಯದನ್ನು ಮುಚ್ಚುವ ಧೈರ್ಯವಿಲ್ಲದೆ ಹೊಸದನ್ನು ತೆರೆಯುವುದೆಂದರೆ ಎರಡು ಗಡಿಯಾರಗಳನ್ನು ಗೋಡೆಗೆ ನೇತುಹಾಕಿದಂತೆ. ೨೦೦೨ರ ವೇಳೆಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲಾ ಈ ಪದ್ಧತಿ ನೆಲೆಗೊಂಡಿತು. ೧೯೯೧ರ ಯಂತ್ರದ ಲೆಕ್ಕ ಸೇವಕರಿಲ್ಲದ ಪ್ರತಿಮೆಯಾಗಿತ್ತು. ೨೦೦೨ರದು ದಿನನಿತ್ಯ ಕೈಯಾಡುವ ಪುಸ್ತಕವಾಯಿತು.

ಇಲ್ಲೊಂದು ಭೇದವನ್ನು ಹೇಳಬೇಕು. ‘ಭೂಮಿ’ಯು ಕಿರ್ದಿಯೇ ಹೊರತು ಖತಾವಣಿಯಲ್ಲ, ಅದನ್ನು ಕಣಜವೆನ್ನಲಾಗದು. ಕಣಜದ ಕೆಲಸ ಅದರ ಮೇಲೆ ಆರಂಭವಾಗುವುದು. ೨೦೧೮ರಲ್ಲಿ ರಾಜ್ಯ ಸರ್ಕಾರವು ಬೆಳೆಸಾಲವನ್ನು ಮನ್ನಾ ಮಾಡುವೆನೆಂದಾಗ ರೈತರಿಂದ ಆಧಾರ್, ಪಡಿತರ ಚೀಟಿ, ಪಹಣಿಯ ವಿವರಗಳನ್ನು ಕೇಳಿ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಬೇಕಾಯಿತು. ಆಗ ತೊಡಕು ಎಲ್ಲಿತ್ತು ನೋಡಿ. ಸಾಲವನ್ನು ಬ್ಯಾಂಕು ವ್ಯಕ್ತಿಯ ಹೆಸರಿನಲ್ಲಿ ಬರೆಯುತ್ತದೆ. ಪಹಣಿಯು ಜಮೀನನ್ನು ಸರ್ವೆ ನಂಬರಿನ ಮೇಲೆ ಬರೆಯುತ್ತದೆ. ಮನ್ನಾದ ಮಿತಿಯಾದರೋ ಕುಟುಂಬಕ್ಕೆ ಇಷ್ಟೆಂದು; ಕುಟುಂಬವನ್ನು ತೋರಿಸುವುದು ಪಡಿತರ ಚೀಟಿ. ಮೂರು ಪುಸ್ತಕಗಳ ಒಂದೊಂದು ಸಾಲೂ ಒಂದೊಂದು ಬೇರೆ ವಸ್ತುವನ್ನು ಹೇಳುತ್ತದೆ. ಮೇಲೆ ಹೇಳಿದ ಕಿಂಬಾಲ್ ಇದನ್ನೇ ‘ಕಾಳಿನ ಗಾತ್ರ’ ಎಂಬರ್ಥದ ಮಾತಿನಿಂದ ಕರೆದು, ಪುಸ್ತಕದ ಒಂದು ಸಾಲು ಏನನ್ನು ಹೇಳುವುದೆಂದು ನಿಶ್ಚಯಿಸದೆ ಮುಂದೆ ಹೆಜ್ಜೆಯಿಡಕೂಡದೆಂದು ವಿಧಿಸಿದ್ದಾನೆ. ರಾಗಿಯನ್ನೂ ಅವರೆಯನ್ನೂ ಒಂದೇ ಜರಡಿಯಲ್ಲಿ ಹಿಡಿದರೆ ಏನಾಗುವುದೆಂದು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಹೆಸರುಗಳ ವಿಚಾರ. ಇದು ಕ್ಷುಲ್ಲಕವಾಗಿ ಕಂಡರೂ ಕಣಜಗಳನ್ನು ಕೆಡಿಸುವುದರಲ್ಲಿ ಅಗ್ರಗಣ್ಯವಾದುದು. ಮುರುಗಮಲ್ಲ ಎಂಬ ಊರ ಹೆಸರನ್ನೇ ಕೆಲವರು ಮುರಗಮಲ್ಲ ಎಂದೂ, ಕೆಲವರು ಮುರುಗಮಲ್ಲಾ ಎಂದೂ ಬರೆಯುವರು. ಮನುಷ್ಯರಿಗೆ ಮೂರೂ ಒಂದೇ ಊರು; ಯಂತ್ರಕ್ಕೆ ಮೂರು ಊರು. ಆ ಸೀಮೆಯ ಮನೆಗಳಲ್ಲಿ ತೆಲುಗಿನಲ್ಲಿ ಮಾತಾಡಿ ಕನ್ನಡದಲ್ಲಿ ಬರೆಯುವವರು ಬಹಳ. ಉರ್ದು ಮನೆಮಾತಾದವರೂ ಉಂಟು. ಒಬ್ಬನೇ ಮುದುಕನು ಪಹಣಿಯಲ್ಲಿ ವೆಂಕಟರಾಯಪ್ಪ, ಬ್ಯಾಂಕಿನಲ್ಲಿ ವೆಂಕಟ್ರಾಯಪ್ಪ, ಆಧಾರಿನಲ್ಲಿ ಇಂಗ್ಲಿಷಿನಿಂದ ತಿರುಗಿ ಬಂದ ಇನ್ನೇನೋ ಆಗಿರುವುದು ಸಾಮಾನ್ಯ. ನಮ್ಮ ಪಹಣಿಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರನ್ನೂ ಬರೆಯುವ ಪದ್ಧತಿ ಹಿಂದಿನಿಂದ ಬಂದಿದೆ. ತವರಿನ ಆಸ್ತಿಯಲ್ಲಿ ತಂದೆಯ ಹೆಸರಿನೊಡನೆ ಬರೆದ ಲಕ್ಷ್ಮಮ್ಮನೂ, ಅತ್ತೆಯ ಮನೆಯ ಚೀಟಿಯಲ್ಲಿ ಗಂಡನ ಹೆಸರಿನೊಡನೆ ಬರೆದ ಲಕ್ಷ್ಮಮ್ಮನೂ ಒಬ್ಬಳೇ ಎಂದು ಯಂತ್ರವು ಹೇಗೆ ತಿಳಿಯಬೇಕು? ಹೆಂಗಸರ ಹಕ್ಕುಗಳು ಕಣಜದಲ್ಲಿ ಕಳೆದುಹೋಗುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಆದಕಾರಣ ಹೆಸರನ್ನು ನಂಬದೆ, ಒಬ್ಬೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಅದರಿಂದ ಎಲ್ಲ ಪುಸ್ತಕಗಳನ್ನು ಪೋಣಿಸುವುದು ಸರಿಯಾದ ಕ್ರಮ. ಕರ್ನಾಟಕದಲ್ಲಿ ‘ಫ್ರೂಟ್ಸ್’ ಎಂಬ ರೈತರ ನೋಂದಣಿಯು ಮಾಡಹೊರಟಿರುವುದು ಇದನ್ನೇ. ಆದರೆ ಸಂಖ್ಯೆಯನ್ನು ಕೊಡುವ ದಿನ ತಪ್ಪು ಪಹಣಿಯನ್ನು ತಪ್ಪು ಮನುಷ್ಯನಿಗೆ ಪೋಣಿಸಿದರೆ, ಆ ತಪ್ಪು ಅಂದಿನಿಂದ ಎಲ್ಲ ಕಚೇರಿಗಳಲ್ಲಿಯೂ ಒಮ್ಮೆಗೇ ಸತ್ಯವಾಗಿಬಿಡುವುದೆಂಬುದನ್ನು ಮರೆಯಬಾರದು.

ಅಳತೆಯ ವಿಚಾರವಾಗಿ ಒಂದು ಸಣ್ಣ ಲೆಕ್ಕವನ್ನು ಹೇಳುತ್ತೇವೆ; ಮನೆಯ ಮಕ್ಕಳಿಗೆ ಹಾಕಿ ನೋಡಬಹುದು. ಒಂದು ಎಕರೆಗೆ ೪೦ ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ೨.೨೦ ಎಂದು ಬರೆಯುವ ರೂಢಿಯಿದೆ. ಬೆಂಗಳೂರಿನಲ್ಲಿ ಕುಳಿತು ಯಂತ್ರಕ್ಕೆ ವಿಧಿ ಬರೆಯುವ ಯುವಕನು ಅದನ್ನು ದಶಾಂಶವೆಂದು ತಿಳಿದರೆ ಎರಡೂವರೆ ಎಕರೆಯ ಹೊಲ ಎರಡು ಎಕರೆ ಎಂಟು ಗುಂಟೆಯಾಗುವುದು. ಹನ್ನೆರಡು ಗುಂಟೆ ಮಾಯ. ಅಂತಹ ನಾಲ್ಕು ಹೊಲಗಳನ್ನು ಕೂಡಿದರೆ ಬರಬೇಕಾದುದು ಹತ್ತು ಎಕರೆ, ಯಂತ್ರ ಹೇಳುವುದು ೮.೮೦. ಹತ್ತು ಗುಂಟೆಯ ತುಂಡನ್ನು ೦.೧೦ ಎಂದು ಬರೆದಿದ್ದರೆ ಕೊನೆಯ ಸೊನ್ನೆ ಬೆಲೆಯಿಲ್ಲದ್ದೆಂದು ಯಂತ್ರ ಅಳಿಸೀತು. ಆಗ ಅದು ಒಂದು ಗುಂಟೆಯಂತೆ ಕಾಣುವುದು. ಮೇಲಾಗಿ ಕೇಂದ್ರದ ಕೆಲವು ಪಟ್ಟಿಗಳು ಹೆಕ್ಟೇರಿನಲ್ಲಿರುವುವು. ಒಂದು ಹೆಕ್ಟೇರೆಂದರೆ ಸುಮಾರು ಎರಡು ಎಕರೆ ಹತ್ತೊಂಬತ್ತು ಗುಂಟೆ. ಇಂತಹ ತಪ್ಪು ಹಳ್ಳಿಯವರಿಗೆ ಮಾತ್ರ ಬರುವುದೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ೧೯೯೯ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳಿಸಿದ ನೌಕೆಯು ನಾಶವಾದುದು, ಒಂದು ಕಡೆಯವರು ಬಲವನ್ನು ಪೌಂಡಿನಲ್ಲಿಯೂ ಇನ್ನೊಂದು ಕಡೆಯವರು ನ್ಯೂಟನ್ನಿನಲ್ಲಿಯೂ ಎಣಿಸಿದುದರಿಂದಲೇ.

ಕಾಲದಿಂದ ಬರುವ ಕೇಡು ಇನ್ನೂ ಗೂಢವಾದುದು. ೨೦೦೧ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ ೨೫ ಲಕ್ಷ ೩೬ ಸಾವಿರ. ೨೦೧೧ರ ಗಣತಿಯಲ್ಲಿ ೧೫ ಲಕ್ಷ ೩೬ ಸಾವಿರ. ಬರಿಯ ಅಂಕಿಗಳನ್ನು ನೋಡುವ ಪರಸ್ಥಳದವನು ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮಂದಿಯನ್ನು ಯಾವ ಮಾರಿ ನುಂಗಿತೋ ಎಂದು ಬೆಚ್ಚಿಯಾನು. ನಡೆದುದಿಷ್ಟೆ: ೨೦೦೭ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ, ಈ ಆರು ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದುವು. ೨೦೧೧ರಲ್ಲಿ ಆ ಹೊಸ ಜಿಲ್ಲೆಯ ಜನಸಂಖ್ಯೆ ೧೨ ಲಕ್ಷ ೫೫ ಸಾವಿರ. ಎರಡನ್ನೂ ಕೂಡಿದರೆ ಜನ ಎರಡೂವರೆ ಲಕ್ಷದಷ್ಟು ಹೆಚ್ಚಿದ್ದಾರೆ. ಮುರುಗಮಲ್ಲದವರು ಇದ್ದಲ್ಲಿಯೇ ಇದ್ದರು, ಅವರ ಜಿಲ್ಲೆ ಮಾತ್ರ ಬದಲಾಯಿತು. ಜಿಲ್ಲೆಯ ಹೆಸರನ್ನು ಅಳಿಸಿ ಹೊಸದನ್ನು ಬರೆದುಬಿಟ್ಟ ಕಣಜದಲ್ಲಿ ೨೦೦೧ರ ಲೆಕ್ಕ ಸುಳ್ಳಾಗುವುದು. ಅಳಿಸದೆ ಬಿಟ್ಟದ್ದರಲ್ಲಿ ೨೦೧೧ರದು ಸುಳ್ಳಾಗುವುದು. ‘ಇಂತಹ ದಿನದವರೆಗೆ ಕೋಲಾರ, ಇಂತಹ ದಿನದಿಂದ ಚಿಕ್ಕಬಳ್ಳಾಪುರ’ ಎಂದು ಎರಡನ್ನೂ ತೇದಿಯೊಡನೆ ಇಟ್ಟುಕೊಂಡ ಕಣಜವೊಂದೇ ನಿಜ ಹೇಳಬಲ್ಲದು. ಹಳೆಯ ಖಾತೆಯನ್ನು ಹೊಡೆದುಹಾಕದೆ ಗೆರೆಯೆಳೆದು ಮುಂದೆ ಬರೆಯುತ್ತಿದ್ದ ಶಾನುಭೋಗರಿಗೆ ಈ ಗುಟ್ಟು ತಿಳಿದಿತ್ತು.

ಇದುವರೆಗೆ ಹೇಳಿದ್ದು ಕಾಳಿನ ಮಾತು. ಕಾಳನ್ನು ತರುವ ಕೈಯ ಮಾತೂ ಇದೆ. ಬೆಳೆ ಸಮೀಕ್ಷೆಯನ್ನು ತೆಗೆದುಕೊಳ್ಳಿ. ಹೊಲಕ್ಕೆ ಹೋಗಿ, ನಿಂತ ಬೆಳೆಯ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದು, ಬೆಳೆಯ ಹೆಸರನ್ನು ಒತ್ತಬೇಕು. ಇದನ್ನು ಮಾಡುವವರು ಹಳ್ಳಿಯಿಂದಲೇ ಆರಿಸಿದ ತರುಣರು. ೨೦೨೦ರಿಂದ ರೈತರೇ ತಮ್ಮ ಹೊಲದ ಬೆಳೆಯನ್ನು ದಾಖಲಿಸುವುದಕ್ಕೂ ಅವಕಾಶವಾಯಿತು. ಬಿಸಿಲಿನಲ್ಲಿ ಬದುವಿನ ಮೇಲೆ ನಿಂತು ಒಬ್ಬನು ರಾಗಿಯಿರುವ ಹೊಲಕ್ಕೆ ಜೋಳವೆಂದು ಒತ್ತಿದನೆನ್ನಿ. ಮೇಲಿನ ಕಚೇರಿಗಳ ದೃಷ್ಟಿಯಲ್ಲಿ ಅದು ಒಂದು ಸಣ್ಣ ಅಂಕಿ. ಸುಗ್ಗಿಯಾದ ಮೇಲೆ ರಾಗಿಯ ಮೂಟೆಗಳನ್ನು ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋದವನಿಗೆ ‘ನಿನ್ನ ಹೊಲದಲ್ಲಿ ರಾಗಿಯಿಲ್ಲ’ ಎಂಬ ಉತ್ತರ ಬರುತ್ತದೆ. ಗಾಡಿಯ ಮೇಲಿರುವುದೇನು ಎಂದು ಅವನು ಕೇಳಿದರೆ ಯಂತ್ರಕ್ಕೆ ಕಿವಿಯಿಲ್ಲ. ಆದುದರಿಂದ ಬರೆದ ಕೂಡಲೇ ಬರೆದುದನ್ನು ಯಾರ ಹೊಲವೋ ಅವರಿಗೇ ತೋರಿಸುವುದು ಕಣಜವನ್ನು ಕಾಯುವ ಉಪಾಯಗಳಲ್ಲಿ ಅತ್ಯಂತ ಅಗ್ಗವಾದುದು, ಅತ್ಯಂತ ಬಲವಾದುದು. ‘ಬೆಳೆ ದರ್ಶಕ’ ಎಂಬ ಆ್ಯಪಿನಲ್ಲಿ ರೈತನು ತನ್ನ ಹೊಲಕ್ಕೆ ಯಾವ ಬೆಳೆ ಬರೆದಿದೆಯೆಂದು ನೋಡಿ ಆಕ್ಷೇಪಣೆ ಹೇಳುವ ದಾರಿಯನ್ನು ಇಟ್ಟಿರುವುದು ಈ ಕಾರಣದಿಂದ ಮೆಚ್ಚತಕ್ಕುದಾಗಿದೆ. ಅದನ್ನು ನೋಡುವವರು ಕಡಮೆಯಾದರೆ ಅದರ ಫಲವೂ ಕಡಮೆ.

ಸಂಘಗಳ ಆಡಳಿತ ಮಂಡಲಿಗಳಲ್ಲಿರುವ ವಾಚಕರಿಗೆ ಈಗ ಒಂದು ಮಾತು. ಯಂತ್ರ ಮಾರುವವರು ಬಂದು ಬಣ್ಣಬಣ್ಣದ ಚಿತ್ರಗಳನ್ನು ತೋರಿಸುವರು. ಎಲ್ಲ ಲೆಕ್ಕವೂ ಒಂದೇ ತೆರೆಯ ಮೇಲೆ ಬರುವುದೆನ್ನುವರು. ಆಗ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಕೇಳತಕ್ಕ ಪ್ರಶ್ನೆಯೊಂದಿದೆ: ಈ ಚಿತ್ರವನ್ನು ನೋಡಿ, ನಾಳೆ ಬೆಳಗ್ಗೆ ನಮ್ಮಲ್ಲಿ ಯಾರು ಏನನ್ನು ಬೇರೆಯಾಗಿ ಮಾಡುವರು? ಒಂದು ಹಾಲಿನ ಸಂಘವನ್ನು ಊಹಿಸಿಕೊಳ್ಳೋಣ. ಬೇಸಗೆಯಲ್ಲಿ ಹಾಲು ಏಕೆ ಇಳಿಯುತ್ತದೆ, ಮೇವು ಸಾಲದೆಯೋ, ಹಸುಗಳು ಬತ್ತಿಯೋ, ಹಾಲು ಖಾಸಗಿ ಡೇರಿಗೆ ಹೋಗಿಯೋ ಎಂಬುದು ಆ ಸಂಘದ ನಿಜವಾದ ಚಿಂತೆ. ಇದಕ್ಕೆ ಬೇಕಾದುದು ಪ್ರತಿ ಮನೆಯ ಹೊತ್ತುಹೊತ್ತಿನ ಹಾಲು, ಅದರ ಕೊಬ್ಬಿನ ಅಂಶ, ಕರೆಯುವ ಹಸುಗಳ ಎಣಿಕೆ, ಈ ಮೂರು. ಕೊಬ್ಬು ಸರಿಯಾಗಿದ್ದು ಅಳತೆ ಮಾತ್ರ ಥಟ್ಟನೆ ಇಳಿದಿದ್ದರೆ ಹಾಲು ಬೇರೆಡೆಗೆ ಹರಿಯಿತೆಂದು ಶಂಕಿಸಬಹುದು. ನಿಧಾನವಾಗಿ ಇಳಿದಿದ್ದರೆ ಮೇವಿನ ಕಡೆ ನೋಡಬೇಕು. ಒಂದೆರಡು ಹಳ್ಳಿಗಳಲ್ಲಿ ಈ ಮೂರನ್ನೇ ಒಂದು ಬೇಸಗೆ ಪೂರ್ತಿ ಸರಿಯಾಗಿ ಇಟ್ಟು, ಅದರಿಂದ ಒಂದು ನಿಶ್ಚಯ ಮಾಡಿ ನೋಡಿದ ಮೇಲೆ ನಾಲ್ಕನೆಯದನ್ನು ಕೂಡಿಸಬೇಕು. ಮೊದಲ ವರ್ಷವೇ ನಲವತ್ತು ಬಗೆಯ ಅಂಕಿಗಳನ್ನು ತುಂಬಹೊರಟ ಸಂಘದಲ್ಲಿ ಕಾರ್ಯದರ್ಶಿಯು ಸಂಜೆಯ ಹಾಲು ಅಳೆಯುವ ಗಡಿಬಿಡಿಯಲ್ಲಿ ನಿನ್ನೆಯ ಅಂಕಿಗಳನ್ನೇ ಇಂದಿಗೂ ಇಳಿಸಿಬಿಡುವನು. ಅವನನ್ನು ದೂರುವಂತಿಲ್ಲ. ಬರೆಯುವ ಶ್ರಮ ಒಬ್ಬನದು, ನೋಡುವ ಸುಖ ಮತ್ತೊಬ್ಬನದು ಆದಲ್ಲೆಲ್ಲಾ ಹೀಗೆಯೇ. ಬರೆದವನ ಕೈಗೂ ಏನಾದರೂ ಪ್ರತಿಫಲ ಬಂದರೆ, ಅವನ ತಿಂಗಳ ಲೆಕ್ಕ ಅದರಿಂದಲೇ ತಾನಾಗಿ ಸಿದ್ಧವಾಗುವಂತಾದರೆ, ಅಂಕಿಗಳು ಹೇಗೆ ನೆಟ್ಟಗಾಗುವುವೆಂಬುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಖರ್ಚಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇವೆ. ಕಟ್ಟುವುದಕ್ಕೆ ಹಣವಿಟ್ಟು ಕಾಯುವುದಕ್ಕೆ ಇಡದವರು ಬಹಳ ಮಂದಿ. ಯಂತ್ರ ಕೊಟ್ಟವನ ಕರಾರು ಮುಗಿದ ಮೇಲೆ ಊರ ಹೆಸರು ಬದಲಾದರೆ, ಹೊಸ ಹೋಬಳಿಯಾದರೆ, ಪಟ್ಟಿಯಲ್ಲಿ ಒಂದು ಅಂಕಣ ಹೆಚ್ಚಿದರೆ ತಿದ್ದುವವರು ಯಾರು? ಹೆಸರು ಹಿಡಿದು ಒಬ್ಬರನ್ನು ನೇಮಿಸಿಲ್ಲದಿದ್ದರೆ ಉತ್ತರ ‘ಯಾರೂ ಇಲ್ಲ’ ಎಂದೇ.

ಕಣಜ ಚೆನ್ನಾಗಿ ನಡೆದರೂ ಅದರ ಕಾಳು ಯಾರಿಗೆ ಸೇರುವುದೆಂಬ ಪ್ರಶ್ನೆ ಉಳಿಯುತ್ತದೆ. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ‘ಭೂಮಿ’ ಯೋಜನೆಯನ್ನು ಪರಿಶೀಲಿಸಿ, ಹಳ್ಳಿಯಲ್ಲಿ ಚೆದುರಿದ್ದ ಲೆಕ್ಕವನ್ನು ಒಂದೆಡೆಗೆ ತಂದುದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿದರು. ಈ ವಾದವನ್ನು ಪೂರ್ತಿ ಒಪ್ಪದವರೂ ಅದರಲ್ಲಿರುವ ಎಚ್ಚರಿಕೆಯನ್ನು ತಳ್ಳಿಹಾಕಲಾರರು. ಒಂದೆಡೆಗೆ ತಂದ ಲೆಕ್ಕವನ್ನು ಓದಬಲ್ಲವನಿಗೆ ಅದು ಬಲ. ಓದಲಾರದವನಿಗೆ ಅದರಿಂದ ಅಪಾಯವೂ ಉಂಟು.

ಆದ್ದರಿಂದಲೇ ನಮ್ಮ ಮನೆಗಳಲ್ಲಿ ಮಾಡತಕ್ಕ ಕೆಲವು ಕೆಲಸಗಳನ್ನು ಇಲ್ಲಿ ಬರೆಯುತ್ತೇವೆ. ಜಮೀನಿದ್ದವರು ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು ತೆಗೆಸಿ, ಓದುಬರಹ ಬಲ್ಲ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು, ಹೆಸರಿನ ಒಂದೊಂದು ಅಕ್ಷರವನ್ನೂ ಆಧಾರ್ ಮತ್ತು ಬ್ಯಾಂಕಿನ ಪುಸ್ತಕದೊಡನೆ ಹೋಲಿಸಬೇಕು. ಎಕರೆ ಗುಂಟೆಗಳನ್ನು ಮನೆಯ ಕ್ರಯಪತ್ರದೊಡನೆ ತಾಳೆ ನೋಡಬೇಕು. ಫ್ರೂಟ್ಸ್ ನೋಂದಣಿಯಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೆ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಪಹಣಿಯಲ್ಲಿ ಇನ್ನೂ ತೀರಿಹೋದ ತಾತನ ಹೆಸರೇ ಇರುವ ಮನೆಗಳು ನಮ್ಮಲ್ಲಿ ಬಹಳ; ಅಣ್ಣತಮ್ಮಂದಿರ ಮನಸ್ತಾಪದಿಂದಲೋ ಸೋಮಾರಿತನದಿಂದಲೋ ಪೌತಿಖಾತೆ ಮಾಡಿಸದೆ ಬಿಟ್ಟವರು. ೨೦೨೪ರಲ್ಲಿ ಪಹಣಿಗೆ ಆಧಾರನ್ನು ಜೋಡಿಸುವ ಕೆಲಸ ನಡೆದಾಗ ಇಂತಹ ಮನೆಗಳ ಇಕ್ಕಟ್ಟು ಬೆಳಕಿಗೆ ಬಂತು. ಆಧಾರ್ ಹುಟ್ಟುವುದಕ್ಕೆ ಮುಂಚೆಯೇ ಕಣ್ಮುಚ್ಚಿದ ತಾತನಿಗೆ ಯಾವ ಸಂಖ್ಯೆಯನ್ನು ಜೋಡಿಸುವುದು? ಅಂತಹವರು ಮರಣದ ದಾಖಲೆಯನ್ನೂ ವಂಶವೃಕ್ಷವನ್ನೂ ಸಿದ್ಧಪಡಿಸಿಕೊಂಡು ನಾಡಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡುವುದು ಒಳ್ಳೆಯದು. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು; ಬಿಟ್ಟರೆ ಅರ್ಜಿ ಅಲ್ಲಿಯೇ ತಡೆದು ನಿಲ್ಲುವುದು, ಮುಂದೆ ಕೋರ್ಟಿನಲ್ಲಿ ಇನ್ನೂ ಹೆಚ್ಚು ಕಾಲ ನಿಲ್ಲುವುದು.